ಗಟ್ಟಿ ತಗಡು ಸಿಗುವವರೆಗೂ ಕತ್ತರಿಸು

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ನೀನು ಕಳಿಸಿದ ಫೋಟೋಗಳನ್ನು ನಿನ್ನೆ ರಾತ್ರಿ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. 1983ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರು! ಗ್ರಿಲ್ ಸುತ್ತಲಿನ ಕೆಂಪು ಗೆರೆ, ಗಾಲ್ಫ್ ಚೆಂಡಿನಂಥ ಗೇರ್ ಗುಂಡು, ಎಲ್ಲ ಹಾಗೇ ಉಳಿದಿವೆ. ನಿನ್ನ ಖುಷಿ ನನಗೂ ತಗುಲಿತು. ಆದರೆ ಬಾಗಿಲ ಕೆಳಗಿನ ಸಿಲ್‌ನ ಫೋಟೋ ಬಂದಾಗ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒಳಗಿನ ತುಕ್ಕಿಗೆ ಬಣ್ಣ ಉಬ್ಬಿದ ಆ ಗುಳ್ಳೆಗಳು ನನಗೆ ಚೆನ್ನಾಗಿ ಗೊತ್ತು.

ನೀನು ಕೇಳಿದ್ದು ಎರಡು ಪ್ರಶ್ನೆ. ಎಂಜಿನ್ ಮೊದಲಾ, ತುಕ್ಕು ಮೊದಲಾ? ವೆಲ್ಡಿಂಗ್ ನಾನೇ ಕಲಿತು ಮಾಡಬಹುದಾ? ತುಕ್ಕು ಮೊದಲು. ವೆಲ್ಡಿಂಗ್ ಖಂಡಿತ ನೀನೇ ಮಾಡಬಹುದು. ಆದರೆ ಕಾರಿನ ಮೇಲೆ ಕಲಿಯಬೇಡ.

ಎಂಜಿನ್ ಕಾಯುತ್ತದೆ. 1781 ಸಿಸಿ, 112 ಅಶ್ವಶಕ್ತಿ, ಕಂಪ್ಯೂಟರ್ ಇಲ್ಲದೆ ಪೆಟ್ರೋಲ್ ಅಳೆದು ಕೊಡುವ ಕೆ-ಜೆಟ್ರಾನಿಕ್. ಕೆಟ್ಟರೆ ಬಿಚ್ಚಬಹುದು, ಬದಲಿಸಬಹುದು. ಬಾಡಿ ಹಾಗಲ್ಲ. ಈ ಕಾರಿನ ತೂಕ 900 ಕಿಲೋ ಕೂಡ ಇಲ್ಲ. ಅದು ಅಷ್ಟು ಚುರುಕಾಗಿ ಓಡುವುದಕ್ಕೆ ಆ ಹಗುರವೇ ಅರ್ಧ ಕಾರಣ. ಹಗುರ ಯಾಕೆಂದರೆ ತಗಡು ತೆಳು, ಎಷ್ಟೋ ಕಡೆ ಒಂದು ಮಿಲಿಮೀಟರಿಗೂ ಕಡಿಮೆ. ತೆಳು ತಗಡನ್ನು ತುಕ್ಕು ಬೇಗ ತಿಂದು ಮುಗಿಸುತ್ತದೆ. ಲಾರಿಗೆ ಇರುವ ಹಾಗೆ ಇದಕ್ಕೆ ಬೇರೆ ಚಾಸಿಸ್ ಕೂಡ ಇಲ್ಲ. ಮಡಚಿ ಸೇರಿಸಿದ ತಗಡೇ ಇದರ ಮೂಳೆ, ತಗಡೇ ಚರ್ಮ. ಆ ಸಿಲ್ ಚೆಂದಕ್ಕೆ ಇರುವ ಪಟ್ಟಿಯಲ್ಲ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ತೊಲೆ.

ಇದನ್ನು ನಾನು ಕಲಿತ ರೀತಿ ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ನನ್ನ ಹತ್ತಿರವೂ ಒಂದು ಹಳೆಯ ಚಿಕ್ಕ ಕಾರಿತ್ತು. ಸಿಲ್‌ನಲ್ಲಿ ಅಂಗೈ ಅಗಲದ ತೂತು. ಅದರ ಮೇಲೆ ಹೊಸ ತಗಡು ಇಟ್ಟು ಸುತ್ತಲೂ ವೆಲ್ಡ್ ಮಾಡಿದೆ, ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಎರಡು ವರ್ಷದ ಮೇಲೆ ಚಕ್ರ ಬಿಚ್ಚಲು ಜಾಕಿ ಕೊಟ್ಟಾಗ ಕರಕರ ಸದ್ದು ಬಂತು. ಕಾರು ಮೇಲೆ ಏಳಲಿಲ್ಲ, ಜಾಕಿ ಒಳಗೆ ಹೋಯಿತು. ನನ್ನ ಹೊಸ ತಗಡು ಹಾಗೇ ಇತ್ತು. ಅದು ಅಂಟಿಕೊಂಡಿದ್ದ ಹಳೆಯ ತಗಡು ಪುಡಿಯಾಗಿತ್ತು. ಎರಡು ತಗಡಿನ ನಡುವೆ ನೀರು ನಿಂತು, ಗಾಳಿಯೂ ಸೇರಿ, ಒಳಗಿನಿಂದ ತಿಂದಿತ್ತು. ಆ ಕಾರಿನಲ್ಲಿ ನಾನು ನಿನ್ನ ಅಜ್ಜಿಯನ್ನು ಎಷ್ಟೋ ಸಲ ಕೂರಿಸಿಕೊಂಡು ಹೋಗಿದ್ದೆ. ಅದು ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದಕ್ಕೇ ಈ ಪತ್ರ. ಕತ್ತರಿಸುವಾಗ ಜಿಪುಣತನ ಬೇಡ. ತೂತು ಎರಡು ಇಂಚು ಕಂಡರೆ ಕೊಳೆತ ಜಾಗ ಆರು ಇಂಚು ಇರುತ್ತದೆ. ಗ್ರೈಂಡರ್‌ನಲ್ಲಿ ಉಜ್ಜಿದಾಗ ಕಪ್ಪು ಚುಕ್ಕೆ ಇಲ್ಲದೆ ಬೆಳ್ಳಗೆ ಹೊಳೆಯುವ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸು. ಅಂಥ ತಗಡಿಗೆ ಮಾತ್ರ ಹೊಸದನ್ನು ಸೇರಿಸು. ತೂತು ದೊಡ್ಡದಾಗುತ್ತಾ ಹೋದಾಗ ಎದೆ ಹೊಡೆದುಕೊಳ್ಳುತ್ತದೆ, ಕಾರು ಹಾಳು ಮಾಡಿಬಿಟ್ಟೆ ಅನಿಸುತ್ತದೆ. ನೀನು ಹಾಳು ಮಾಡುತ್ತಿಲ್ಲ. ಹಾಳಾಗಿದ್ದು ಈಗ ಕಣ್ಣಿಗೆ ಕಾಣುತ್ತಿದೆ, ಅಷ್ಟೇ.

ಮೊದಲು ಒಂದು ಇಡೀ ದಿನ ಹುಡುಕುವುದಕ್ಕೇ ಇಡು. ಕಾರ್ಪೆಟ್ ಎಲ್ಲ ತೆಗೆ. ಹಳೆಯ ಸ್ಕ್ರೂಡ್ರೈವರ್ ಹಿಡಿದು ಒತ್ತಿ ನೋಡು, ಅದರ ಹಿಡಿಯಿಂದ ತಟ್ಟಿ ಕೇಳು. ಗಟ್ಟಿ ತಗಡು ಕಣಕಣ ಅನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಅನ್ನುತ್ತದೆ. ಜಾಕಿ ಕೊಡುವ ಜಾಗ, ಫ್ಲೋರ್‌ನ ಮೂಲೆಗಳು, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಸಸ್ಪೆನ್ಷನ್ ಕೂರುವ ಗೋಪುರ, ಹಿಂದಿನ ಆಕ್ಸಲ್ ಬೋಲ್ಟ್ ಆಗುವ ಜಾಗ, ಯಾವುದನ್ನೂ ಬಿಡಬೇಡ. ಮುಂದಿನ ಗಾಜಿನ ಕೆಳಗಡೆ ನೀರು ಸೋರಿದರೆ ಅದು ನೇರ ಕಾಲಿನ ಹತ್ತಿರದ ಫ್ಲೋರ್‌ಗೆ ಬಂದು ನಿಲ್ಲುತ್ತದೆ. ಅಲ್ಲಿ ಒದ್ದೆ ಇದ್ದರೆ ಫ್ಲೋರ್ ಮಾತ್ರ ಸರಿ ಮಾಡಿ ಸುಮ್ಮನಾಗಬೇಡ, ಮೇಲೆ ಎಲ್ಲಿಂದ ಬಂತು ಎಂದು ಹುಡುಕು. ಬಾಗಿಲು ಮತ್ತು ಸಿಲ್ ಅಡಿಯಲ್ಲಿ ನೀರು ಇಳಿಯುವ ಚಿಕ್ಕ ತೂತುಗಳು ಮಣ್ಣಿನಿಂದ ಮುಚ್ಚಿಕೊಂಡಿರುತ್ತವೆ. ಅವುಗಳನ್ನೂ ಬಿಡಿಸು. ಪೆಟ್ರೋಲ್ ಹಾಕುವ ಕೊಳವೆ ಈ ಕಾರಿನಲ್ಲಿ ತುಕ್ಕು ಹಿಡಿಯುವುದಕ್ಕೆ ಹೆಸರುವಾಸಿ. ಅಲ್ಲಿನ ಪುಡಿ ಟ್ಯಾಂಕಿಗೆ ಇಳಿದು, ಪಂಪ್ ಮತ್ತು ಇಂಜೆಕ್ಷನ್ ಕೆಡಿಸುತ್ತದೆ. ಎಂಜಿನ್ ತೊಂದರೆ ಎಂದು ನೀನು ಹೇಳಿದ್ದು ಅಲ್ಲಿಂದಲೇ ಬಂದಿದ್ದರೂ ಬಂದಿರಬಹುದು.

ಈಗ ವೆಲ್ಡಿಂಗ್. ವೈರನ್ನು ತಾನೇ ತಳ್ಳುತ್ತಾ ಕರೆಂಟಿನಿಂದ ಕರಗಿಸಿ ಬೆಸೆಯುವ ಮಿಗ್ ಮೆಷಿನ್ ಸಾಕು, ಆದರೆ ಗ್ಯಾಸ್ ಇರುವಂಥದ್ದೇ ಇರಲಿ. ಗ್ಯಾಸ್ ಇಲ್ಲದೆ ಪುಡಿ ತುಂಬಿದ ವೈರ್‌ನಲ್ಲಿ ಮಾಡುವುದು ದಪ್ಪ ಕಬ್ಬಿಣಕ್ಕೆ ಸರಿ. ತೆಳು ತಗಡಿನ ಮೇಲೆ ಕಲಿಯುವವರಿಗೆ ಅದು ಬರೀ ತೂತು ಮಾಡಿಕೊಡುತ್ತದೆ. ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸ್, 0.6 ಮಿಲಿಮೀಟರ್ ವೈರ್, ಗ್ಯಾಸ್ ನಿಮಿಷಕ್ಕೆ 8ರಿಂದ 10 ಲೀಟರ್. ಅಲ್ಲಿಂದ ಶುರು ಮಾಡು. ಮೆಷಿನ್‌ಗೆ ಕರೆಂಟ್ ವಾಪಸ್ ಹೋಗುವ ಅರ್ಥ್ ಕ್ಲ್ಯಾಂಪನ್ನು ಕೆಲಸದ ಹತ್ತಿರವೇ, ಉಜ್ಜಿ ಬೆಳ್ಳಗೆ ಮಾಡಿದ ಜಾಗಕ್ಕೆ ಕಚ್ಚಿಸು. ಮೆಷಿನ್ ಸರಿ ಇಲ್ಲ ಎಂದು ಬೈಯುವವರಲ್ಲಿ ಎಷ್ಟೋ ಜನರದು ಅರ್ಥ್ ಸರಿ ಇಲ್ಲದ ತೊಂದರೆ.

ಬೇಡವಾದ ಹಳೆಯ ಬಾನೆಟ್ ಅಥವಾ ಕೆಟ್ಟ ವಾಷಿಂಗ್ ಮೆಷಿನ್‌ನ ತಗಡು ಸಿಕ್ಕರೆ ತೆಗೆದುಕೋ. ಬಣ್ಣ ಪೂರ್ತಿ ಉಜ್ಜಿ, ಅಂಗೈಯಷ್ಟು ತುಂಡು ಮಾಡು. ಎರಡು ತುಂಡನ್ನು ಅಂಚಿಗೆ ಅಂಚು ಇಟ್ಟು, ನಡುವೆ ವೈರ್‌ನಷ್ಟು ಸಂದು ಬಿಟ್ಟು ಸೇರಿಸು. ಉದ್ದಕ್ಕೆ ಗೆರೆ ಎಳೆಯಲು ಹೋಗಬೇಡ. ತೆಳು ತಗಡಿನಲ್ಲಿ ಅದು ಆಗುವುದಿಲ್ಲ. ಕೈಯಲ್ಲಿ ಹಿಡಿದ ವೆಲ್ಡಿಂಗ್ ಟಾರ್ಚಿನ ಟ್ರಿಗರ್ ಒತ್ತು, ಒಂದು ಸೆಕೆಂಡ್, ಬಿಡು. ಒಂದು ಚುಕ್ಕೆ. ಮುಂದಿನ ಚುಕ್ಕೆ ಇನ್ನೊಂದು ತುದಿಯಲ್ಲಿ. ಆಮೇಲೆ ನಡುವೆ. ಹೀಗೆ ಹಾರಿ ಹಾರಿ ಹಾಕುತ್ತಾ ಹೋಗು, ಚುಕ್ಕೆಗಳು ಕೊನೆಗೆ ತಾವೇ ಸೇರಿಕೊಳ್ಳುತ್ತವೆ. ಕೈಯಿಟ್ಟರೆ ಸುಡುತ್ತಿದೆ ಅಂದರೆ ನಿಲ್ಲಿಸು. ಒಂದೇ ಕಡೆ ಶಾಖ ಜಾಸ್ತಿಯಾದರೆ ತಗಡು ಸೊಟ್ಟಗಾಗುತ್ತದೆ. ಆ ಸೊಟ್ಟ ತೆಗೆಯುವ ಟಿಂಕರಿಂಗ್ ಕೆಲಸ ವೆಲ್ಡಿಂಗ್‌ಗಿಂತ ಕಷ್ಟ.

ಕಿವಿ ಕೊಟ್ಟು ಕೆಲಸ ಮಾಡು. ಸರಿಯಾಗಿ ಹೊಂದಿಸಿದಾಗ ಒಂದೇ ಸಮ ಚುರಚುರ ಸದ್ದು ಬರುತ್ತದೆ. ಪಟ್ ಪಟ್ ಎಂದು ಬಿಡಿಬಿಡಿಯಾಗಿ ಸಿಡಿದು, ವೈರ್ ಟಾರ್ಚನ್ನು ಹಿಂದಕ್ಕೆ ತಳ್ಳಿದ ಹಾಗಾದರೆ ವೈರ್ ವೇಗ ಜಾಸ್ತಿ. ವೈರ್ ಕರಗಿ ಟಾರ್ಚಿನ ತುದಿಯ ಟಿಪ್‌ಗೇ ಅಂಟಿದರೆ ಕಡಿಮೆ. ವೆಲ್ಡ್ ಸ್ಪಂಜಿನ ಹಾಗೆ ತೂತುತೂತಾದರೆ ಗ್ಯಾಸ್ ಮುಗಿದಿರಬೇಕು, ಇಲ್ಲವೇ ಗಾಳಿ ಬೀಸಿ ಗ್ಯಾಸನ್ನು ಹಾರಿಸಿಕೊಂಡು ಹೋಗಿರಬೇಕು, ಇಲ್ಲವೇ ನೀನು ಬಣ್ಣ ಉಜ್ಜುವುದರಲ್ಲಿ ಸೋಮಾರಿತನ ಮಾಡಿರಬೇಕು.

ಇನ್ನು ಪರೀಕ್ಷೆ. ತುಂಡನ್ನು ತಿರುಗಿಸಿ ಹಿಂಬದಿ ನೋಡು. ಲೋಹ ಕರಗಿ ಆಚೆ ಕಡೆಗೂ ಸಣ್ಣಗೆ ಉಬ್ಬಿರಬೇಕು. ಮುಂದೆ ದುಂಡಗೆ ಚೆಂದ ಕಂಡು, ಹಿಂದೆ ಏನೂ ಇಲ್ಲದಿದ್ದರೆ ಅದು ಮೇಲೆ ಕೂತಿದೆ, ಸೇರಿಲ್ಲ. ಆಮೇಲೆ ವೈಸ್‌ಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸು, ಆ ಕಡೆ ಈ ಕಡೆ ಮಡಚು, ಹರಿದುಹೋಗಲಿ. ಪಕ್ಕದ ತಗಡು ಹರಿಯಬೇಕು, ವೆಲ್ಡ್ ಬಿಡಬಾರದು. ಸತತವಾಗಿ ಹತ್ತು ತುಂಡು ಹಾಗೆ ಹರಿಯುವವರೆಗೂ ಕಾರಿನ ಹತ್ತಿರ ಟಾರ್ಚ್ ತರಬೇಡ. ಒಂದು ತಿಂಗಳಾಗಲಿ, ಎರಡಾಗಲಿ. ಕಾರು ಎಲ್ಲೂ ಓಡಿಹೋಗುವುದಿಲ್ಲ.

ಅದಾದ ಮೇಲೆ ಪ್ಲಗ್ ವೆಲ್ಡ್ ಕಲಿ. ಫ್ಯಾಕ್ಟರಿಯಲ್ಲಿ ಎರಡು ತಗಡನ್ನು ಒತ್ತಿಹಿಡಿದು, ಕರೆಂಟ್ ಹರಿಸಿ ಚುಕ್ಕೆ ಚುಕ್ಕೆಯಾಗಿ ಬೆಸೆದು ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ನೀನು ಮೇಲಿನ ತಗಡಿಗೆ ಆರು ಮಿಲಿಮೀಟರ್ ತೂತು ಹಾಕಿ, ಆ ತೂತಿನ ನಡುವೆ ಕಾಣುವ ಕೆಳಗಿನ ತಗಡಿನಿಂದ ಶುರು ಮಾಡಿ ಸುತ್ತುತ್ತಾ ತೂತು ತುಂಬಿಸಬೇಕು. ಸಿಲ್‌ನ ಅಂಚಿನಲ್ಲಿ ಇದೇ ಬೇಕಾಗುವುದು. ಎರಡು ತಗಡಿನ ನಡುವೆ ಕೂದಲೆಳೆಯಷ್ಟೂ ಸಂದು ಇರಬಾರದು, ಎಷ್ಟು ಕ್ಲ್ಯಾಂಪ್ ಇದ್ದರೂ ಸಾಲದು.

ಬೆಂಕಿಯ ವಿಷಯ ನೀನು ಕೇಳಲಿಲ್ಲ. ನಾನು ಹೇಳದೆ ಬಿಡುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಮತ್ತು ಪೈಪ್‌ಗಳನ್ನು ಕಾರಿನಿಂದ ಬಿಚ್ಚಿ, ಕೆಲಸದ ಜಾಗದಿಂದ ದೂರ ಇಡು. ಖಾಲಿ ಟ್ಯಾಂಕ್ ಅಲ್ವಾ ಅನ್ನಬೇಡ. ಖಾಲಿ ಟ್ಯಾಂಕಿನಲ್ಲಿ ತುಂಬಿರುವ ಆವಿಯೇ ಸಿಡಿಯುವುದು. ಟ್ಯಾಂಕಿಗೆ ಮಾತ್ರ ನೀನು ಯಾವತ್ತೂ ವೆಲ್ಡ್ ಮಾಡಬಾರದು. ಬ್ಯಾಟರಿ ತೆಗೆ, ಆಲ್ಟರ್ನೇಟರ್ ವೈರ್ ಬಿಡಿಸು. ಸಿಲ್ ಒಳಗಿನ ಹಳೆಯ ಮೇಣ, ಅಡಿಯ ಕಪ್ಪು ಟಾರು, ಫ್ಲೋರ್ ಮೇಲಿನ ಶಬ್ದ ತಡೆಯುವ ಹಾಳೆ, ಇವೆಲ್ಲ ತಗಡಿನ ಆಚೆ ಬದಿಯಲ್ಲಿ ನಿನಗೆ ಕಾಣದ ಹಾಗೆ ಹೊತ್ತಿಕೊಳ್ಳುತ್ತವೆ. ಹೆಲ್ಮೆಟ್ ಒಳಗಿನಿಂದ ನಿನಗೆ ಕಾಣುವುದು ಒಂದೇ ಚುಕ್ಕೆ. ಆದ್ದರಿಂದ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ, ಜೊತೆಯಲ್ಲಿ ಇನ್ನೊಬ್ಬರಿರಲಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರು. ಒಮ್ಮೆ ನಾನು ಊಟಕ್ಕೆ ಎದ್ದುಹೋಗಿ, ಏನೋ ಮರೆತು ವಾಪಸ್ ಬಂದಾಗ ಹಿಂದಿನ ಸೀಟಿನ ಕೆಳಗಿನಿಂದ ಹೊಗೆ ಬರುತ್ತಿತ್ತು.

ಹತ್ತಿಯ ದಪ್ಪ ಬಟ್ಟೆ, ಚರ್ಮದ ಕೈಗವಸು, ಮುಚ್ಚಿದ ಶೂ. ನೈಲಾನ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಂದೇ ಚುಕ್ಕೆ ಅಲ್ವಾ ಎಂದು ಹೆಲ್ಮೆಟ್ ಇಲ್ಲದೆ ಟ್ರಿಗರ್ ಒತ್ತಬೇಡ. ಆಗ ಏನೂ ಅನಿಸುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ. ಜಿಂಕ್ ಲೇಪನ ಇರುವ ತಗಡಾದರೆ ಆ ಲೇಪನ ಉಜ್ಜಿ ತೆಗೆ. ಅದರ ಹೊಗೆ ಕುಡಿದರೆ ಆಮೇಲೆ ಚಳಿಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ತಗಡಿಗೆ ವೆಲ್ಡ್ ಮಾಡಲೇಬೇಡ. ಆ ಶಾಖಕ್ಕೆ ಅದು ಫಾಸ್ಜೀನ್ ಎಂಬ ವಿಷದ ಗಾಳಿಯಾಗುತ್ತದೆ. ಮತ್ತೆ, ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ನುಗ್ಗಬೇಡ. ಇದನ್ನು ನಿನ್ನ ಅಪ್ಪನ ಮುಂದೆಯೂ ಓದಿ ಹೇಳು.

ಸಿಲ್ ಕತ್ತರಿಸುವ ದಿನ ಬಂದಾಗ ಎರಡೂ ಕಡೆ ಒಟ್ಟಿಗೆ ಕತ್ತರಿಸಬೇಡ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗು. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿ ಕೊಡು. ಬಾಗಿಲಿನ ಸುತ್ತಲಿನ ಸಂದನ್ನು ನಾಲ್ಕು ಕಡೆ ಅಳೆದು ಬರೆದಿಟ್ಟುಕೋ. ತೊಲೆ ತೆಗೆದ ಮನೆಯ ಹಾಗೆ ಬಾಡಿ ನಡುವೆ ಕುಗ್ಗುತ್ತದೆ. ಕುಗ್ಗಿದ ಮೇಲೆ ಹೊಸ ಸಿಲ್ ಹಾಕಿದರೆ ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಹೊಸದನ್ನು ಚುಕ್ಕೆ ಹಾಕಿ ನಿಲ್ಲಿಸಿದ ಮೇಲೆ ಬಾಗಿಲು ತೂಗುಹಾಕಿ, ಮುಚ್ಚಿ, ಅಳತೆ ನೋಡಿ, ಆಮೇಲೆ ಪೂರ್ತಿ ವೆಲ್ಡ್ ಮಾಡು. ಫ್ಲೋರ್ ಪ್ಯಾಚ್‌ಗಳಿಗೆ ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿಕೋ, ಮೂಲೆಗಳನ್ನು ದುಂಡಗೆ ಮಾಡು. ಚೂಪು ಮೂಲೆಯಲ್ಲಿ ಶಾಖ ಸೇರಿ ತೂತಾಗುತ್ತದೆ, ಬಿರುಕೂ ಅಲ್ಲಿಂದಲೇ ಶುರು.

ಬಣ್ಣದ ಬಗ್ಗೆ ಈಗ ಮಾತು ಬೇಡ. ಒಂದೇ ನೆನಪಿರಲಿ: ವೆಲ್ಡ್ ಮೇಲೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ನೀರು ಒಳಹೋಗದ ಹಾಗೆ ಸೀಮ್ ಸೀಲರ್, ಬಣ್ಣ ಎಲ್ಲ ಮುಗಿದ ಮೇಲೆ ಸಿಲ್ ಒಳಗೆ ಮೇಣ ಸಿಂಪಡಿಸಬೇಕು. ವೆಲ್ಡಿಂಗ್ ಶಾಖಕ್ಕೆ ಒಳಬದಿಯ ಬಣ್ಣ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಕೈ ಹೋಗುವುದಿಲ್ಲ, ಮೇಣದ ಉದ್ದ ಕೊಳವೆ ಹೋಗುತ್ತದೆ. ಈ ಕೆಲಸ ಬಿಟ್ಟರೆ ನಿನ್ನ ಹೊಸ ಸಿಲ್ ಹೊರಗೆ ಹೊಳೆಯುತ್ತಾ ಒಳಗೆ ಕೊಳೆಯುತ್ತದೆ. ಪುಟ್ಟಿ ಬಳಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಗಟ್ಟಿ ತಗಡಿನ ಮೇಲೆ ತೆಳ್ಳಗೆ, ಸಮ ಮಾಡುವಷ್ಟು ಹಾಕು. ತೂತು ಮುಚ್ಚಲು ಮಾತ್ರ ಅದನ್ನು ಮುಟ್ಟಬೇಡ.

ಎಡಗಡೆಯ ಸಿಲ್‌ನ ಇನ್ನಷ್ಟು ಫೋಟೋ ಬೇಕು, ಕಾರ್ಪೆಟ್ ತೆಗೆದ ಮೇಲೆ, ಒಳಗಿನಿಂದ. ಸ್ಕ್ರೂಡ್ರೈವರ್ ಎಲ್ಲೆಲ್ಲಿ ಒಳಗೆ ಹೋಯಿತೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುಂಡಗೆ ಬರೆದು ತೆಗೆ. ಅಭ್ಯಾಸದ ಮೊದಲ ತುಂಡುಗಳ ಫೋಟೋನೂ ಕಳಿಸು. ಮುಂಬದಿ ಬೇಡ, ಹಿಂಬದಿ ಕಳಿಸು.

ನಿನ್ನ ದೊಡ್ಡಪ್ಪ