ಆಸ್ಪತ್ರೆ ಸುತ್ತಲಿನ ಹೋಟೆಲ್‌ಗಳ ಹಿಂಬದಿ ಮೆಟ್ಟಿಲಿನ ಬೀಗ ತೆಗೆಯಲಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಕಂಕನಾಡಿ, ಫಳ್ನೀರು, ಅತ್ತಾವರ, ಹಂಪನಕಟ್ಟೆಯ ಸುತ್ತಮುತ್ತ ಹೋಟೆಲ್ ಕೊಠಡಿ ಹಿಡಿಯುವವರೆಲ್ಲ ಪ್ರವಾಸಿಗರಲ್ಲ. ಬೆಳಗಿನ ಹೊತ್ತು ಲಿಫ್ಟ್ ಬಳಿ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ. ಒಬ್ಬರ ಕೈಯಲ್ಲಿ ಸ್ಕ್ಯಾನಿಂಗ್ ಕವರು, ಇನ್ನೊಬ್ಬರ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಮತ್ತೊಬ್ಬರು ವಾಕರ್ ಹಿಡಿದ ತಾಯಿಯನ್ನು ಮೆಲ್ಲಗೆ ನಡೆಸಿಕೊಂಡು ಬರುತ್ತಿರುತ್ತಾರೆ. ವೆನ್ಲಾಕ್ ಆಸ್ಪತ್ರೆ ಆರಂಭವಾದದ್ದು 1848ರಲ್ಲಿ, ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ 1880ರಷ್ಟು ಹಳೆಯದು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಜನ ತಲೆಮಾರುಗಳಿಂದ ಕಾಯಿಲೆ ಎಂದರೆ ಈ ಊರಿನ ಕಡೆ ಮುಖ ಮಾಡಿದ್ದಾರೆ. ನಾವು ಕೊಪ್ಪದವರೂ ಹಾಗೆಯೇ. ಹೀಗೆ ಬಂದವರ ಪೈಕಿ ಒಬ್ಬನಾಗಿ ನಾನು ಕಂಡ ಒಂದು ವಿಷಯವನ್ನು ಹೋಟೆಲ್ ಮಾಲೀಕರ, ಪಾಲಿಕೆಯ ಮತ್ತು ಅಗ್ನಿಶಾಮಕ ಇಲಾಖೆಯ ಗಮನಕ್ಕೆ ತರಬೇಕಾಗಿದೆ.

ನನ್ನ ಭಾವಮೈದನಿಗೆ ಇಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ವೈದ್ಯರು, ಈಗಲೇ ಘಟ್ಟ ಹತ್ತಬೇಡಿ, ಹೊಲಿಗೆ ನೋಡುವವರೆಗೆ ಹತ್ತಿರದಲ್ಲೇ ಇರಿ ಎಂದರು. ಆಸ್ಪತ್ರೆಗೆ ಆಟೊದಲ್ಲಿ ಐದು ನಿಮಿಷದ ದೂರದಲ್ಲಿದ್ದ ಹೋಟೆಲೊಂದರ ಮೂರನೆಯ ಮಹಡಿಯಲ್ಲಿ ಕೊಠಡಿ ಸಿಕ್ಕಿತು. ಕೆಳಗಿನ ಮಹಡಿಯಲ್ಲಿ ಖಾಲಿ ಇರಲಿಲ್ಲ. ಹೋಟೆಲಿನ ಹೆಸರು ಬರೆಯುವುದಿಲ್ಲ. ಆ ಒಂದು ಹೋಟೆಲನ್ನು ಹಿಡಿದು ಬಯ್ಯುವುದು ನನ್ನ ಉದ್ದೇಶವಲ್ಲ, ಅಲ್ಲಿನವರ ಋಣವೂ ನನ್ನ ಮೇಲಿದೆ.

ಆ ಋಣದ ಮಾತನ್ನು ಮೊದಲು ಹೇಳಬೇಕು. ಕೊಠಡಿ ಶುಭ್ರವಾಗಿತ್ತು, ಹಾಸಿಗೆಯ ಬಟ್ಟೆಯನ್ನು ಕೇಳದೆಯೇ ಬದಲಿಸುತ್ತಿದ್ದರು. ರೋಗಿ ಇದ್ದಾರೆ ಎಂದು ತಿಳಿದ ಮೇಲೆ ಅಡುಗೆಮನೆಯವರು ರಾತ್ರಿ ಕುಚ್ಚಲಕ್ಕಿ ಗಂಜಿಯನ್ನು ಉಪ್ಪು ಕಡಿಮೆ ಹಾಕಿ ಬೇರೆಯಾಗಿಯೇ ಮಾಡಿ ಕಳುಹಿಸಿದರು. ಅದಕ್ಕೆ ಬಿಲ್ಲು ಹಾಕಲಿಲ್ಲ. ಕೇಳಿದರೆ ಮ್ಯಾನೇಜರು, ‘ಅದಕ್ಕೆ ಎಂತ ಲೆಕ್ಕ ಮಾರಾಯರೇ, ಅವರು ಹುಷಾರಾಗಲಿ’ ಎಂದರು. ಕೊಠಡಿ ಹುಡುಗನೊಬ್ಬ ಮಳೆಯಲ್ಲಿ ಒದ್ದೆಯಾಗಿಯೇ ಹೋಗಿ ಮಾತ್ರೆ ತಂದುಕೊಟ್ಟ. ಬಿಲ್ಲಿನಲ್ಲೂ ಮೋಸವಿಲ್ಲ. 7,500 ರೂಪಾಯಿವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅಷ್ಟನ್ನೇ ಹಾಕಿದ್ದರು. ಬೆಳಗಿನ ಜಾವ ಬಂದು ಇಳಿದವರಿಗೂ ಮಧ್ಯಾಹ್ನ 12ಕ್ಕೆ ಒಂದು ದಿನ ಮುಗಿಯಿತೆಂದು ಲೆಕ್ಕ ಹಿಡಿಯುವುದು ಮಾತ್ರ ರೋಗಿಗಳ ಕಡೆಯವರಿಗೆ ಹೊರೆ. ಹಿಂದಿನಂತೆ 24 ಗಂಟೆಯ ಲೆಕ್ಕ ಇಟ್ಟರೆ ದೂರದೂರಿನವರಿಗೆ ಉಪಕಾರವಾಗುತ್ತದೆ. ಅದು ಹಣದ ಮಾತು, ಹೇಗೋ ಸುಧಾರಿಸಿಕೊಳ್ಳಬಹುದು. ನಾನು ಬರೆಯಲು ಕೂತದ್ದು ಹಾಗೆ ಸುಧಾರಿಸಿಕೊಳ್ಳಲಾಗದ ವಿಷಯ.

ಒಂದು ರಾತ್ರಿ ಗಾಳಿ ಮಳೆಗೆ ಕರೆಂಟು ಹೋಯಿತು. ಜನರೇಟರ್ ಹಿಡಿಯುವವರೆಗೆ ಪಡಸಾಲೆ ಪೂರ್ತಿ ಕತ್ತಲು. ತುರ್ತು ದೀಪದ ಪೆಟ್ಟಿಗೆ ಗೋಡೆಯ ಮೇಲೆ ಇತ್ತು, ಬೆಳಕು ಇರಲಿಲ್ಲ. ನಾನು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕರೆಂಟು ಹೋದರೆ ಎದ್ದು ನೋಡುವುದು ಈಗಲೂ ಬಿಡದ ಅಭ್ಯಾಸ. ಮೊಬೈಲ್ ಟಾರ್ಚ್ ಹಿಡಿದು ಹೊರಗೆ ಬಂದೆ. ಪಡಸಾಲೆಯ ಹಿಂಬದಿಯ ತುದಿಯಲ್ಲಿ ‘ತುರ್ತು ನಿರ್ಗಮನ’ ಎಂದು ಹಸಿರು ಅಕ್ಷರದಲ್ಲಿ ಬರೆದ ಬಾಗಿಲಿತ್ತು. ಅದಕ್ಕೆ ಬೀಗ. ಬಾಗಿಲಿನ ಮೇಲಿನ ಗಾಜಿನಿಂದ ಬೆಳಕು ಬಿಟ್ಟು ನೋಡಿದರೆ ಮೆಟ್ಟಿಲೇ ಕಾಣಿಸುತ್ತಿಲ್ಲ. ಒಗೆಯಲು ಕಟ್ಟಿಟ್ಟ ಹಾಸಿಗೆ ಬಟ್ಟೆಯ ಗಂಟುಗಳು, ಮಡಚಿ ನಿಲ್ಲಿಸಿದ ಹಳೆಯ ಫೋಮ್ ಹಾಸಿಗೆಗಳು, ಬಣ್ಣದ ಡಬ್ಬಗಳು, ಕಾಲು ಮುರಿದ ಒಂದು ಕುರ್ಚಿ. ಪಕ್ಕದ ಗೋಡೆಗೆ ತೂಗುಹಾಕಿದ್ದ ಅಗ್ನಿನಂದಕದ ಮುಳ್ಳು ಹಸಿರು ಪಟ್ಟಿಯಿಂದ ಕೆಳಗಿಳಿದು ಕೆಂಪಿನೊಳಗೆ ಬಿದ್ದಿತ್ತು. ಒಳಗೆ ಸಾಕಷ್ಟು ಒತ್ತಡವಿಲ್ಲ ಎಂದರ್ಥ. ಒತ್ತಿದರೆ ಬೆಂಕಿ ನಂದಿಸುವ ಪುಡಿ ಸರಿಯಾಗಿ ಹೊರಗೆ ಬರುವುದಿಲ್ಲ.

ಹಾಗಾದರೆ ಉಳಿದದ್ದು ಮುಂಭಾಗದ ಮೆಟ್ಟಿಲು ಒಂದೇ. ಬೆಳಿಗ್ಗೆ ಅದನ್ನು ಇಳಿದು ನೋಡಿದೆ. ಕಟ್ಟಡದ ಮೀಟರ್ ಬೋರ್ಡು, ಮೇನ್ ಸ್ವಿಚ್, ಇನ್ವರ್ಟರ್, ಅದರ ಬ್ಯಾಟರಿಗಳು ಎಲ್ಲವೂ ಅದೇ ಮೆಟ್ಟಿಲಿನ ಅಡಿಯಲ್ಲಿ. ಕರೆಂಟು ಮಿತಿ ಮೀರಿ ಹರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚಿನ, ಅಂದರೆ ಎಂಸಿಬಿಯ, ಪೆಟ್ಟಿಗೆಗೆ ಮುಚ್ಚಳವಿಲ್ಲ. 2.5 ಚದರ ಮಿಲಿಮೀಟರ್‌ನ ತಂತಿಗೆ 32 ಆಂಪಿಯರ್‌ನ ಎಂಸಿಬಿ ಹಾಕಿದ್ದರು. ಒಂದು ತುದಿಯಲ್ಲಿ ತಂತಿಯ ಕಪ್ಪು ಹೊದಿಕೆ ಸುಟ್ಟು ಕಂದಾಗಿ ಬಿರಿದಿತ್ತು, ಅದರ ಸ್ಕ್ರೂವಿನ ಸುತ್ತ ಹಸಿರು ಕಿಲುಬು.

ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳುವುದು ಅಗತ್ಯ. ಎಂಸಿಬಿ ಇರುವುದು ಏಸಿಯನ್ನು ಕಾಯಲು ಅಲ್ಲ, ಗೋಡೆಯೊಳಗಿನ ತಂತಿಯನ್ನು ಕಾಯಲು. ಆ ಗಾತ್ರದ ತಾಮ್ರದ ತಂತಿ ಸುಮಾರು 20 ಆಂಪಿಯರ್ ಹೊರುತ್ತದೆ. ಹಳೆಯ ಕಟ್ಟಡಗಳಿಗೆ ವೈರಿಂಗ್ ಮಾಡಿದ ಕಾಲದಲ್ಲಿ ಒಂದು ಕೊಠಡಿಗೆ ಒಂದು ಫ್ಯಾನು, ಒಂದು ಟ್ಯೂಬ್‌ಲೈಟು. ಆಮೇಲೆ ಗೀಸರ್ ಬಂತು, ಅದು ಒಂದೇ 9 ಆಂಪಿಯರ್‌ನಷ್ಟು ಎಳೆಯುತ್ತದೆ. ಏಸಿ ಬಂತು, ಅದಕ್ಕೆ ಇನ್ನೊಂದು ಏಳೆಂಟು. ಕೆಟಲ್, ಟೀವಿ, ಪ್ರತಿಯೊಬ್ಬ ಅತಿಥಿಯ ಚಾರ್ಜರ್. ಎಂಸಿಬಿ ಪದೇ ಪದೇ ಬೀಳತೊಡಗಿದಾಗ ತಂತಿ ಬದಲಿಸಲು ಗೋಡೆ ಒಡೆಯಬೇಕು, ಕೊಠಡಿ ಖಾಲಿ ಬಿಡಬೇಕು. ಎಂಸಿಬಿ ಬದಲಿಸಲು ಹತ್ತು ನಿಮಿಷ ಸಾಕು. ದೊಡ್ಡದನ್ನು ಹಾಕಿದ ಮೇಲೆ ಅದು ಬೀಳುವುದು ನಿಲ್ಲುತ್ತದೆ, ಬದಲಿಗೆ ತಂತಿ ಬಿಸಿಯಾಗುತ್ತದೆ. ಕರಾವಳಿಯ ಉಪ್ಪು ಗಾಳಿ, ತೇವ ಬೇರೆ. ಘಟ್ಟದ ಮೇಲೆ ವರ್ಷಗಟ್ಟಲೆ ಹಾಗೇ ಇರುವ ಜೋಡಣೆ ಇಲ್ಲಿ ಬೇಗ ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ಜಾಗದಲ್ಲಿ ಶಾಖ ಹೆಚ್ಚು, ಶಾಖ ಹೆಚ್ಚಿದಷ್ಟೂ ಸ್ಕ್ರೂ ಸಡಿಲ, ಸಡಿಲವಾದಲ್ಲಿ ಕಿಡಿ.

ಆ ಕಿಡಿ ಬೀಳುವ ಜಾಗ ಮೆಟ್ಟಿಲಿನ ಬುಡ. ಮೆಟ್ಟಿಲು ಮೇಲಿನ ಮಹಡಿಯವರೆಗೂ ತೆರೆದ ಒಂದು ಹೊಗೆಗೂಡಿನ ಹಾಗೆ. ಕೆಳಗೆ ಹತ್ತಿದ ಬೆಂಕಿಯ ಹೊಗೆ ಕೆಲವೇ ನಿಮಿಷಗಳಲ್ಲಿ ಮೇಲಿನ ಪಡಸಾಲೆಗಳನ್ನು ತುಂಬುತ್ತದೆ. ಬಾಗಿಲು ತೆರೆದವರಿಗೆ ಮುಂದೆ ಹೊಗೆ, ಹಿಂದೆ ಬೀಗ. ಕಿಟಕಿಗಳಿಗೆ ಕಬ್ಬಿಣದ ಸರಳು. ಲಿಫ್ಟನ್ನು ಬೆಂಕಿಯ ಹೊತ್ತಿನಲ್ಲಿ ಬಳಸುವಂತೆಯೇ ಇಲ್ಲ. ನನ್ನ ಭಾವಮೈದ ಎದೆಯ ಮೂಳೆ ಕೂಡಿಕೊಳ್ಳುವ ತನಕ ಕೈ ಊರಿ ಏಳುವಂತಿಲ್ಲ. ಎದುರು ಕೊಠಡಿಯಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದ ಹಿರಿಯರಿದ್ದರು. ಆಚೆ ಕೊಠಡಿಯಲ್ಲಿ ಮೂತ್ರದ ಚೀಲ ಹಿಡಿದೇ ಓಡಾಡುತ್ತಿದ್ದ ಒಬ್ಬರು. ಇವರನ್ನು ಕೆಳಗಿಳಿಸುವವರು ಯಾರು, ಯಾವ ದಾರಿಯಿಂದ ಎಂದು ಯೋಚಿಸಿ ಉಳಿದ ರಾತ್ರಿಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮ್ಯಾನೇಜರಿಗೆ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ‘ಸರ್, ಬೀಗ ಹಾಕದಿದ್ದರೆ ಬಾಡಿಗೆ ಕೊಡದೆ ಹಿಂದಿನಿಂದ ಇಳಿದು ಹೋಗುತ್ತಾರೆ. ಹೊರಗಿನವರು ಹತ್ತಿ ಬಂದು ಸಾಮಾನು ಕದಿಯುತ್ತಾರೆ. ಬೀಗದ ಕೈ ನನ್ನ ಡ್ರಾಯರಿನಲ್ಲೇ ಇದೆ, ಇಷ್ಟು ವರ್ಷದಲ್ಲಿ ಎಂತದೂ ಆಗಿಲ್ಲ’ ಎಂದರು. ಅವರ ಕಷ್ಟ ಸುಳ್ಳಲ್ಲ. ಆದರೆ ಡ್ರಾಯರು ಇರುವುದು ನೆಲಮಹಡಿಯ ಕೌಂಟರಿನಲ್ಲಿ, ಬೀಗ ಇರುವುದು ಮೂರನೆಯ ಮಹಡಿಯಲ್ಲಿ. ಬೆಂಕಿ ಬೀಳುವುದು ಈ ಎರಡರ ನಡುವೆ. ರಾತ್ರಿ ಪಾಳಿಯಲ್ಲಿದ್ದ ಹುಡುಗನನ್ನು ವಿಚಾರಿಸಿದರೆ ಆ ಬೀಗದ ಕೈ ಯಾವುದೆಂದು ಅವನಿಗೆ ತಿಳಿದಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಆ ಬಾಗಿಲು ತೆರೆದದ್ದನ್ನೇ ನೋಡಿಲ್ಲ ಎಂದ.

ಎಂತದೂ ಆಗಿಲ್ಲ ಎಂಬ ಮಾತನ್ನು ಆಗಿಹೋದ ಕಡೆಗಳಲ್ಲೂ ಹಿಂದಿನ ದಿನದವರೆಗೆ ಹೇಳಬಹುದಿತ್ತು. 2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. 2025ರ ಏಪ್ರಿಲ್ 29ರಂದು ಕೋಲ್ಕತ್ತದ ಬಡಾಬಜಾರ್ ಪ್ರದೇಶದ ಹೋಟೆಲಿನಲ್ಲಿ 14 ಜನ. ಅವರಲ್ಲಿ ಹೆಚ್ಚಿನವರು ಉಸಿರುಗಟ್ಟಿ ಸತ್ತವರು. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜೀವ ಹೋದವು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರ ದೃಶ್ಯವನ್ನು ಟೀವಿಯಲ್ಲಿ ನೋಡಿದ್ದು ನನಗೆ ಇನ್ನೂ ನೆನಪಿದೆ. ಜ್ವಾಲೆ ಮುಟ್ಟುವುದಕ್ಕೆ ಮುಂಚೆಯೇ ಹೊಗೆ ಮನುಷ್ಯನನ್ನು ಕೆಡವುತ್ತದೆ. ಮಲಗಿದವರಿಗಂತೂ ಎಚ್ಚರವೇ ಆಗದಿರಬಹುದು.

ನಿಯಮ ಇಲ್ಲದೆ ಇಲ್ಲ. ತುರ್ತು ನಿರ್ಗಮನದ ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಬೇಕು, ದಾರಿಯಲ್ಲಿ ಏನೂ ಅಡ್ಡ ಇರಬಾರದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕಳ್ಳತನದ ಹೆದರಿಕೆಗೂ ಉತ್ತರವಿದೆ. ಒಳಗಿನಿಂದ ಒತ್ತಿದರೆ ತೆರೆಯುವ, ಹೊರಗಿನಿಂದ ತೆರೆಯಲಾಗದ ಅಡ್ಡಪಟ್ಟಿಯ ಚಿಲಕ ಮಾರುಕಟ್ಟೆಯಲ್ಲಿ ಸಿಗುತ್ತದೆ. ಸಿನಿಮಾ ಮಂದಿರಗಳಲ್ಲಿ, ಮಾಲ್‌ಗಳಲ್ಲಿ ಎಲ್ಲರೂ ಅದನ್ನು ನೋಡಿದ್ದಾರೆ. ಬಾಗಿಲು ತೆರೆದರೆ ಕೌಂಟರಿನಲ್ಲಿ ಗಂಟೆ ಬಾರಿಸುವಂತೆ ಮಾಡಿದರೆ ಬಾಡಿಗೆ ಕೊಡದೆ ಹೋಗುವವನೂ ಸಿಕ್ಕಿಬೀಳುತ್ತಾನೆ. ಒಂದು ಏಸಿಗೆ ಕೊಡುವ ದುಡ್ಡಿಗೆ ಹೋಲಿಸಿದರೆ ಇದು ದೊಡ್ಡ ಖರ್ಚಲ್ಲ.

ಮಾಲೀಕರಲ್ಲಿ ನನ್ನ ವಿನಂತಿ: ಈ ಕೆಲಸಕ್ಕೆ ಯಾರ ಆದೇಶವನ್ನೂ ಕಾಯಬೇಡಿ. ಗಂಟುಗಳನ್ನು ಮೆಟ್ಟಿಲಿನಿಂದ ತೆಗೆಸುವುದಕ್ಕೆ ಒಂದು ಬೆಳಗು ಸಾಕು. ವೈರಿಂಗ್ ಪೂರ್ತಿ ಬದಲಿಸಲು ಆಗದಿದ್ದರೂ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ ತಂತಿಗೆ ತಕ್ಕ ಎಂಸಿಬಿ ಹಾಕಿಸಿ, ಮಳೆಗಾಲಕ್ಕೆ ಮುಂಚೆ ಎಲ್ಲ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಏಸಿಗೆ 4 ಚದರ ಮಿಲಿಮೀಟರ್‌ನ ತಂತಿಯನ್ನೇ ಪ್ರತ್ಯೇಕವಾಗಿ ಎಳೆಸಿ. ರಾತ್ರಿ ಪಾಳಿಯ ಹುಡುಗರು ಎಲ್ಲಿಂದಲೋ ದುಡಿಯಲು ಬಂದ ಎಳೆಯರು, ಬೆಂಕಿ ಬಿದ್ದರೆ ಮೊದಲು ಸಿಕ್ಕಿಕೊಳ್ಳುವವರೂ ಅವರೇ. ಅವರ ಕೈಗೆ ಅಗ್ನಿನಂದಕ ಕೊಟ್ಟು ಒಮ್ಮೆ ಪಿನ್ ಎಳೆಸಿ ತೋರಿಸಿ. ವಾಕರ್ ಹಿಡಿದು, ಗಾಲಿಕುರ್ಚಿಯಲ್ಲಿ ಬಂದವರಿಗೆ ನೆಲಮಹಡಿಯ ಅಥವಾ ಮೊದಲ ಮಹಡಿಯ ಕೊಠಡಿಗಳನ್ನು ಮೀಸಲಿಡಿ. ಗಂಜಿಯನ್ನು ಬೇರೆಯಾಗಿ ಮಾಡಿಕೊಡುವಷ್ಟು ಕರುಣೆ ಇರುವವರಿಗೆ ಇದು ಭಾರವಾಗಲಾರದು ಎಂದು ನಾನು ನಂಬಿದ್ದೇನೆ.

ಪಾಲಿಕೆಯವರು ಉದ್ದಿಮೆ ಪರವಾನಗಿ ನವೀಕರಿಸುತ್ತಾರೆ. ಆಗ ಕಾಗದದ ಜೊತೆಗೆ ಹಿಂಬದಿ ಮೆಟ್ಟಿಲನ್ನೂ ನೋಡಬೇಕು. ಕಟ್ಟಡದ ಎತ್ತರ ಕಡಿಮೆ, ಹಳೆಯ ಕಟ್ಟಡ ಎಂದು ಬಿಟ್ಟುಬಿಡುವುದು ಬೇಡ. ಮೂರನೆಯ ಮಹಡಿಯಿಂದ ಹಾರಿದವನಿಗೂ ಪ್ರಾಣ ಉಳಿಯುವ ಭರವಸೆ ಇಲ್ಲ. ಪಾಂಡೇಶ್ವರ ಮತ್ತು ಕದ್ರಿಯ ಅಗ್ನಿಶಾಮಕ ಠಾಣೆಗಳು ಈ ಹೋಟೆಲ್‌ಗಳಿಗೆ ದೂರದಲ್ಲೇನೂ ಇಲ್ಲ, ಆದರೆ ಸಂಜೆಯ ಹೊತ್ತಿನ ಕಂಕನಾಡಿಯ ವಾಹನಗಳ ಸಾಲನ್ನು ದಾಟಿ ಬರಬೇಕು. ಅವರು ಬರುವವರೆಗಿನ ನಿಮಿಷಗಳಲ್ಲಿ ಜನರನ್ನು ಉಳಿಸುವುದು ತೆರೆದ ಬಾಗಿಲು ಮಾತ್ರ. ಅಗ್ನಿಶಾಮಕ ಇಲಾಖೆ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಗಳು ಜೊತೆಯಾಗಿ, ಮುಂಚಿತವಾಗಿ ತಿಳಿಸದೆ, ರಾತ್ರಿ ಹತ್ತರ ನಂತರ ಆಸ್ಪತ್ರೆಗಳ ಸುತ್ತಲಿನ ಹೋಟೆಲ್‌ಗಳಿಗೆ ಒಮ್ಮೆ ಭೇಟಿ ಕೊಡಲಿ. ಹಗಲು ತಿಳಿಸಿ ಹೋದರೆ ಬೀಗ ತೆರೆದೇ ಇರುತ್ತದೆ.

ಕೊಠಡಿ ಹಿಡಿಯುವವರಿಗೂ ಒಂದು ಮಾತು. ನಾವು ಬಿಸಿನೀರು ಬರುತ್ತದೆಯೇ, ಏಸಿ ಇದೆಯೇ, ವೈಫೈ ಇದೆಯೇ ಎಂದು ಕೇಳುತ್ತೇವೆ. ಚೀಲ ಇಳಿಸುವ ಮೊದಲು ಹಿಂಬದಿ ಮೆಟ್ಟಿಲನ್ನು ತೋರಿಸಿ ಎಂದು ಕೇಳಿ. ಹತ್ತು ಅತಿಥಿಗಳು ಕೇಳಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಮ್ಯಾನೇಜರ್ ಅದನ್ನು ಖಾಲಿ ಮಾಡಿಸಿರುತ್ತಾರೆ.

ಊರಿಗೆ ಮರಳಿದ ಮೇಲೆ ಆ ಹೋಟೆಲಿನ ಮಾಲೀಕರಿಗೆ ಪತ್ರ ಬರೆದು, ಯಾವ ಜಾಗದಲ್ಲಿ ಯಾವ ತಂತಿ ಸುಟ್ಟಿದೆ, ಯಾವುದಕ್ಕೆ ಎಷ್ಟು ಆಂಪಿಯರ್‌ನ ಎಂಸಿಬಿ ಬೇಕು ಎಂಬುದನ್ನು ಚಿತ್ರ ಬಿಡಿಸಿ ಕಳುಹಿಸಿದ್ದೇನೆ. ಭಾವಮೈದನ ಮರುತಪಾಸಣೆಗೆ ಮತ್ತೆ ಮಂಗಳೂರಿಗೆ ಬರಬೇಕಾಗಿದೆ. ಮಾಲೀಕರು ಇಷ್ಟಪಟ್ಟರೆ ಆಗ ಅವರ ಎಲೆಕ್ಟ್ರಿಷಿಯನ್ ಜೊತೆ ನಿಂತು ಆ ಪೆಟ್ಟಿಗೆಯನ್ನು ಸರಿ ಮಾಡಿಸಿಕೊಡಲು ಸಿದ್ಧನಿದ್ದೇನೆ. ಸಂಬಳ ಬೇಡ.

ಇತಿ,
ನಿವೃತ್ತ ವಿದ್ಯುತ್ ನೌಕರ,
ಕೊಪ್ಪ, ಚಿಕ್ಕಮಗಳೂರು ಜಿಲ್ಲೆ