ನಮ್ಮ ಜಿಲ್ಲೆ ಕೆಂಪೋ, ಕಿತ್ತಳೆಯೋ?

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲಿ ರಾಜ್ಯದ ಪುಟ್ಟ ನಕ್ಷೆಯೊಂದು ಬರುತ್ತದೆ. ಯಾವ ಜಿಲ್ಲೆಗೆ ರೆಡ್ ಅಲರ್ಟ್, ಯಾವುದಕ್ಕೆ ಆರೆಂಜ್, ಯಾವುದಕ್ಕೆ ಯೆಲ್ಲೋ ಎಂದು ಬಣ್ಣ ತುಂಬಿರುತ್ತೀರಿ. ಮೊನ್ನೆ ಬೆಳಿಗ್ಗೆ ಎರಡನೇ ತರಗತಿಯಲ್ಲಿ ಓದುವ ನನ್ನ ಮಗಳ ಮಗ ಅದನ್ನು ನನ್ನ ಕಾಫಿ ಲೋಟದ ಪಕ್ಕಕ್ಕೆ ತಂದಿಟ್ಟು, "ಅಜ್ಜಾ, ನಮ್ಮ ಜಿಲ್ಲೆ ಕೆಂಪಲ್ಲವೇ? ಹಾಗಾದರೆ ಇವತ್ತು ರಜೆ!" ಎಂದ.

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಚಿಕ್ಕಮಗಳೂರು, ಹಾಸನ, ಕೊಡಗು, ಆಚೆಗಿನ ಚಾಮರಾಜನಗರ, ಎಲ್ಲವೂ ಬೆಲ್ಲದ ಬಣ್ಣ. ಒಂದು ಹೊಸ ಬೆಲ್ಲ, ಇನ್ನೊಂದು ಹಳೆಯ ಬೆಲ್ಲ, ಅಷ್ಟೇ. ಮೊಮ್ಮಗನದೂ ನನ್ನಂತೆ ಕೆಂಪು ಹಸಿರು ಬೇರ್ಪಡಿಸಲಾಗದ ಕಣ್ಣು. ಇಬ್ಬರೂ ಸೇರಿ ಐದು ನಿಮಿಷ ವಾದ ಮಾಡಿದೆವು. ಕೊನೆಗೆ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಒಮ್ಮೆ ಕಣ್ಣು ಹಾಯಿಸಿ ತೀರ್ಪು ಕೊಟ್ಟಳು: ಕಿತ್ತಳೆ. ಹುಡುಗ ಬ್ಯಾಗು ಹೆಗಲಿಗೇರಿಸಿದ. (ರಜೆ ಕೊಡುವವರು ಜಿಲ್ಲಾಧಿಕಾರಿಗಳೇ ಹೊರತು ನಕ್ಷೆಯಲ್ಲ ಎಂಬುದು ಅವನಿಗೆ ಇನ್ನೂ ತಿಳಿಯದು.)

ಬರೀ ರಜೆಯ ಮಾತಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಸಿರೆಂದರೆ ಚಿಂತೆಯಿಲ್ಲ, ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ. ಮಳೆಗೆ ಗುಡ್ಡ ಜರಿಯುವ ಸೀಮೆಯಲ್ಲಿರುವ ನಮಗೆ ಇದು ಸಣ್ಣ ಸುದ್ದಿಯಲ್ಲ. ಆದರೆ ಈ ನಾಲ್ಕರಲ್ಲಿ ಹಳದಿಗೂ ಹಸಿರಿಗೂ, ಕಿತ್ತಳೆಗೂ ಕೆಂಪಿಗೂ ಇರುವ ಗೆರೆ ನಮ್ಮಂಥವರ ಕಣ್ಣಿನಲ್ಲಿ ಅಳಿಸಿಹೋಗಿರುತ್ತದೆ. ಎಚ್ಚರಿಕೆ ಕೊಡುವುದಕ್ಕೆ ಆರಿಸಿಕೊಂಡದ್ದು ಇವನ್ನೇ!

ಇದಕ್ಕೆ ವರ್ಣಾಂಧತೆ, ಬಣ್ಣಗುರುಡು ಎಂದೆಲ್ಲ ಹೆಸರು. ನನಗೆ ಎರಡೂ ಒಪ್ಪಿಗೆಯಿಲ್ಲ. ನಾನು ಕುರುಡನಲ್ಲ, ನನಗೆ ನೀಲಿ ಹಳದಿ ಚೆನ್ನಾಗಿಯೇ ಕಾಣುತ್ತವೆ. ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ. ಅದರಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಕೊಂಚ ಹಾದಿ ತಪ್ಪಿದ್ದರೆ ಕೆಂಪು ಹಸಿರುಗಳ ಜಗಳ ಶುರು. ಇದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಅದು ಗಂಡಸರಿಗೆ ಒಂದೇ, ಹೆಂಗಸರಿಗೆ ಎರಡು. ಆದ್ದರಿಂದ ಗಂಡಸರಿಗೇ ಹೆಚ್ಚು. ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರು. ನಮ್ಮ ದೇಶದಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆಯೇ, ಆದರೂ ಒಂದು ದೊಡ್ಡ ಹೈಸ್ಕೂಲಿನಲ್ಲಿ ಕೆಲವರಾದರೂ ಸಿಕ್ಕೇ ಸಿಗುತ್ತಾರೆ. ನನಗೆ ಬಂದದ್ದು ತಾಯಿಯ ಕಡೆಯಿಂದ. ನನ್ನ ಮಗಳು ಎಲ್ಲ ಬಣ್ಣಗಳನ್ನೂ ಕಂಡು, ಅದನ್ನು ತನ್ನ ಮಗನಿಗೆ ದಾಟಿಸಿದಳು.

ತಾಯಿಯ ತಮ್ಮ, ನನ್ನ ಸೋದರಮಾವನಿಗೂ ಇದೇ ಕಣ್ಣು. ಕಾಫಿ ತೋಟದಲ್ಲಿ ಇದಕ್ಕಿಂತ ಅನನುಕೂಲದ ಕಣ್ಣು ಇನ್ನೊಂದಿಲ್ಲ. ಹಸಿರು ಎಲೆಯ ನಡುವಿನ ಕೆಂಪು ಹಣ್ಣು ನಮಗೆ ಎಲೆಯೊಳಗೇ ಕರಗಿಹೋಗುತ್ತದೆ. ಕೊಯ್ಲಿನ ರಜೆಯಲ್ಲಿ ನಾನು ಬುಟ್ಟಿ ಕಟ್ಟಿಕೊಂಡು ಹೋದ ಮೊದಲ ದಿನ ಸಂಜೆ ತೋಟದ ಲೆಕ್ಕ ಬರೆಯುವ ರೈಟರು ನನ್ನ ಬುಟ್ಟಿಯನ್ನು ಚೀಲದ ಮೇಲೆ ಸುರಿದು, ಕಾಯಿಯನ್ನೆಲ್ಲ ಒಂದು ಕಡೆ ಸರಿಸಿ, "ಇವನನ್ನು ನಾಳೆ ಕಳಿಸಬೇಡಿ" ಎಂದರು. ರಾತ್ರಿ ಮಾವ ನನ್ನನ್ನು ಕೂರಿಸಿಕೊಂಡು ಎರಡು ಹಿಡಿ ಸುರಿದರು. "ಅಳಿಯಾ, ನೋಡಬೇಡ, ಹಿಚುಕು. ಹಣ್ಣಾದರೆ ಬೀಜ ಪುಳಕ್ಕನೆ ಜಾರಿ ಬರುತ್ತದೆ. ಕಾಯಿಯಾದರೆ ಬೆರಳಿಗೇ ನೋವು." ಗಿಡದ ಮೇಲೂ ಹಾಗೆಯೇ: ಹಣ್ಣು ಬೆರಳಿನ ಕೆಳಗೆ ತುಸು ಬಗ್ಗುತ್ತದೆ, ಕಾಯಿ ಗೋಲಿಯಂತೆ ಗಟ್ಟಿ. ಮೂರನೆಯ ದಿನಕ್ಕೆ ನನ್ನ ಬುಟ್ಟಿಯಲ್ಲಿ ಕಾಯಿ ಬೇರೆಯವರದಕ್ಕಿಂತ ಹೆಚ್ಚಿರಲಿಲ್ಲ. ಮುಂದೆ ನಾನು ಎಷ್ಟೋ ಸಲಕರಣೆಗಳನ್ನು ಕಂಡಿದ್ದೇನೆ, ಮಾವನ ಈ ಉಪಾಯಕ್ಕಿಂತ ಅಗ್ಗದ್ದು ಕಂಡಿಲ್ಲ.

ಈ ಕಣ್ಣಿಗೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಿ ವೈದ್ಯಕೀಯ ಪರೀಕ್ಷೆಗೆ ಹೋದಾಗ. ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಮಾಡಿದ ಚುಕ್ಕಿಗಳ ಪುಸ್ತಕ ಮುಂದಿಟ್ಟರು. ಬೇರೆಯವರಿಗೆ 74 ಕಾಣುವ ಹಾಳೆಯಲ್ಲಿ ನನಗೆ 21 ಕಂಡಿತು. ಮುಂದೆ ಗಣಿತದ ಮೇಷ್ಟ್ರಾದವನು ಮಾಡಿದ ಮೊದಲ ದೊಡ್ಡ ತಪ್ಪು ಅದು! ಇಂಜಿನ್ ನಡೆಸುವ ಕೆಲಸ ತಪ್ಪಿದ್ದಕ್ಕೆ ತಕರಾರಿಲ್ಲ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲುಗಳು ಡಿಕ್ಕಿಯಾದ ಮೇಲೆಯೇ ರೈಲ್ವೆ ಸಿಬ್ಬಂದಿಯ ಬಣ್ಣದ ಕಣ್ಣು ಪರೀಕ್ಷಿಸುವ ಪದ್ಧತಿ ಬಲವಾದದ್ದು. ಕಳೆದ ವರ್ಷ ಮೊಮ್ಮಗ ಕಂದು ಎಲೆಗಳ ಮಾವಿನ ಮರ ಬರೆದು, ಟೀಚರಿಂದ ತುಂಟನೆನಿಸಿಕೊಂಡು ಬಂದ. ಅವನ ಕ್ರೆಯಾನುಗಳ ಮೇಲಿನ ಕಾಗದ ಹರಿದುಹೋಗಿತ್ತು, ಹೆಸರು ಓದಲು ಆಗಿರಲಿಲ್ಲ. ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋದೆವು. ಅದೇ ಹಾಳೆ, ಅವನಿಗೂ 21.

ಈಗ ಸಲಕರಣೆಗಳ ಮಾತು. ಅಳಿಯಂದಿರು ಬೆಂಗಳೂರಿನಿಂದ ವಿಶೇಷ ಕನ್ನಡಕವೊಂದನ್ನು ತರಿಸಿಕೊಟ್ಟರು, ಸಾವಿರಾರು ರೂಪಾಯಿ ಸುರಿದು. ಮೊಬೈಲಿನಲ್ಲಿ ಅದನ್ನು ಹಾಕಿಕೊಂಡವರು ಗಳಗಳನೆ ಅಳುವ ವಿಡಿಯೋ ಅವರು ನೋಡಿದ್ದರು. ನಾನು ಅಳಲಿಲ್ಲ. ಅಂಗಳದ ದಾಸವಾಳ ಎಲೆಗಳ ನಡುವೆ ಹಿಂದಿಗಿಂತ ಎದ್ದು ಕಂಡದ್ದು ನಿಜ. ಜತೆಗೆ ಗೋಡೆಗೂ ಪಂಚೆಗೂ ಹೆಂಡತಿಯ ನರೆಗೂದಲಿಗೂ ಒಂದು ಛಾಯೆ ಬಂತು. ಯಾವ ಬಣ್ಣದ್ದೆಂದು ನನ್ನನ್ನು ಕೇಳಬೇಡಿ. ಕೆಂಪು ಹಸಿರುಗಳು ಕಲಸಿಹೋಗುವ ಪಟ್ಟಿಯ ಬೆಳಕನ್ನು ಈ ಗಾಜು ತಡೆಯುತ್ತದೆ, ಇಲ್ಲದ ಶಂಕುಕೋಶವನ್ನು ತಂದುಕೊಡುವುದಿಲ್ಲ. ಸ್ಪೇನಿನ ಗ್ರಾನಡಾ ವಿಶ್ವವಿದ್ಯಾಲಯದವರು 2018ರಲ್ಲಿ ಇಂಥ ಕನ್ನಡಕ ಪರೀಕ್ಷಿಸಿ, ಇದರಿಂದ ಸಹಜ ಬಣ್ಣದ ದೃಷ್ಟಿ ಬರುವುದಿಲ್ಲ ಎಂದೇ ಹೇಳಿದರು. ಹಣ ಕೊಡುವ ಮೊದಲು ಒಮ್ಮೆ ಹಾಕಿ ನೋಡಿ ಎನ್ನುವುದಷ್ಟೇ ನನ್ನ ಸಲಹೆ.

ಮೊಬೈಲು ಮಾತ್ರ ನಿಜಕ್ಕೂ ಕೈ ಹಿಡಿದಿದೆ, ಅದೂ ಪುಕ್ಕಟೆಯಾಗಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಣ್ಣ ತಿದ್ದುವ ಸೌಲಭ್ಯವಿದೆ, ಐಫೋನಿನಲ್ಲಿಯೂ ಇದೆ. ಅದು ನಮಗೆ ಬೆರೆತು ಕಾಣುವ ಬಣ್ಣಗಳನ್ನು ನಾವು ಬೇರ್ಪಡಿಸಬಲ್ಲ ಬಣ್ಣಗಳ ಕಡೆಗೆ ತಳ್ಳುತ್ತದೆ. ಕ್ಯಾಮೆರಾ ಹಿಡಿದರೆ ಬಣ್ಣದ ಹೆಸರು ಹೇಳುವ ಆ್ಯಪ್‌ಗಳೂ ಇವೆ. ಆದರೆ ಟ್ಯೂಬ್‌ಲೈಟಿನ ಕೆಳಗೆ ಹಸಿರೆಂದ ಅಂಗಿಯನ್ನು ಬಿಸಿಲಿನಲ್ಲಿ ಬೂದು ಎಂದದ್ದೂ ಉಂಟು. ಅದನ್ನು ಬೈಯುವಂತಿಲ್ಲ. ಪರಮಾಣು ಸಿದ್ಧಾಂತದ ಡಾಲ್ಟನ್ನನಿಗೂ ಹಗಲಿನಲ್ಲಿ ನೀಲಿಯಾಗಿ ಕಂಡ ಜೆರೇನಿಯಂ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡಿತ್ತು. ಆ ಗೊಂದಲದಿಂದಲೇ ಆತ 1794ರಲ್ಲಿ ತನ್ನ ಕಣ್ಣಿನ ಬಗ್ಗೆ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಿರಬೇಕು ಎಂಬುದು ಆತನ ಊಹೆ. ಸತ್ತ ಮೇಲೆ ತೆಗೆದು ನೋಡಿದರೆ ನೀರಿನಂತೆ ತಿಳಿಯಾಗಿತ್ತು. ಉಳಿಸಿಟ್ಟ ಆ ಕಣ್ಣಿನ ಡಿಎನ್‌ಎ ಪರೀಕ್ಷಿಸಿ 1995ರಲ್ಲಿ ನಿಜ ಕಾರಣ ಹೇಳಿದರು: ಹಸಿರಿನ ಶಂಕುಕೋಶದ ಕೊರತೆ, ನನ್ನದೇ ಕಾಯಿಲೆ.

ಕಾನೂನೂ ಸ್ವಲ್ಪ ಮೆತ್ತಗಾಗಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಸೌಮ್ಯ ಹಾಗೂ ಮಧ್ಯಮ ಮಟ್ಟದ ವರ್ಣಾಂಧತೆ ಇರುವವರಿಗೆ ಚಾಲನಾ ಪರವಾನಗಿ ಕೊಡಬಹುದೆಂದಿತು. ಸಿಗ್ನಲ್‌ನಲ್ಲಿ ನಾವು ಬಣ್ಣಕ್ಕಿಂತ ಜಾಗ ನೋಡುತ್ತೇವೆ: ಮೇಲಿನದು ನಿಲ್ಲು, ಕೆಳಗಿನದು ಹೋಗು. ನಿಮ್ಮ ನಕ್ಷೆಯಲ್ಲಿ ಹಾಗೆ ಮೇಲು ಕೆಳಗು ಎಂಬುದಿಲ್ಲ, ಅದೇ ತೊಂದರೆ. ಮೊನ್ನೆ ಕೊನೆಗೆ ಮೊಬೈಲ್ ಕ್ಯಾಮೆರಾವನ್ನು ನಿಮ್ಮ ಪತ್ರಿಕೆಯ ಮೇಲೆ ಹಿಡಿದು ಹಾಸನವನ್ನೂ ಕೊಡಗನ್ನೂ ಬೇರೆ ಮಾಡಿಕೊಂಡೆ. ಪತ್ರಿಕೆ ಓದಲು ಫೋನು ಬೇಕೆಂದರೆ ಏನು ಚೆಂದ?

ನೀವು ಕಪ್ಪು ಬಿಳುಪಿನಲ್ಲಿ ಮುದ್ರಿಸುತ್ತಿದ್ದ ಕಾಲದಲ್ಲಿ ಈ ಕಷ್ಟವಿರಲಿಲ್ಲ. ಆಗ ಒಂದು ಜಿಲ್ಲೆಗೆ ಅಡ್ಡಗೆರೆ, ಇನ್ನೊಂದಕ್ಕೆ ಚುಕ್ಕಿ, ಮತ್ತೊಂದಕ್ಕೆ ಚೌಕಳಿ ತುಂಬುತ್ತಿದ್ದಿರಿ. ಬಣ್ಣ ಬಂದಾಗ ಗೆರೆ ಹೋಯಿತು. ಬಣ್ಣ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ಜಿಲ್ಲೆಯ ಮೇಲೆ ಒಂದಕ್ಷರ ಹಾಕಿ ಸಾಕು: ಕೆಂಪಿಗೆ ಕೆಂ, ಕಿತ್ತಳೆಗೆ ಕಿ, ಹಳದಿಗೆ ಹ, ಹಸಿರಿಗೆ ಖಾಲಿ ಬಿಟ್ಟರೂ ಆದೀತು. ಚುನಾವಣೆಯ ನಕ್ಷೆಗೂ ಹೀಗೆಯೇ ಮಾಡಬಹುದು. ಅಚ್ಚಿಗೆ ಕಳಿಸುವ ಮುನ್ನ ನಕ್ಷೆಯನ್ನು ಕಚೇರಿಯ ಜೆರಾಕ್ಸ್ ಯಂತ್ರದಲ್ಲಿ ಒಮ್ಮೆ ತೆಗೆದು ನೋಡಿ. ಕಪ್ಪು ಬಿಳುಪು ಪ್ರತಿಯಲ್ಲಿ ನಿಮಗೆ ಜಿಲ್ಲೆಗಳು ಬೇರೆ ಬೇರೆ ಕಂಡರೆ ನಮಗೂ ಕಾಣುತ್ತವೆ.

ಮುಂಗಾರು ಇನ್ನೂ ಮುಗಿದಿಲ್ಲ. ಮೊಮ್ಮಗ ದಿನಾ ಬೆಳಿಗ್ಗೆ ನಕ್ಷೆ ಹಿಡಿದುಕೊಂಡು ಬರುತ್ತಾನೆ.

ಇತಿ,
ನಿವೃತ್ತ ಗಣಿತ ಶಿಕ್ಷಕ, ಮೂಡಿಗೆರೆ