‘ಲ್ಯಾಬ್‌ನಲ್ಲಿ ಸತ್ತಿದೆ’ ಅಂದ್ರೆ ಯಾವ ಸೆಲ್ ಅಂತಲೂ ಹಾಕಿ

ಮಾನ್ಯ ಸಂಪಾದಕರೇ,

ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಕೆಲಸ ಮಾಡೋ ಒಂದು ಲ್ಯಾಬ್‌ನಲ್ಲಿ ನಾನು ರಿಸರ್ಚ್ ಅಸಿಸ್ಟೆಂಟ್. ಡಾಕ್ಟರ್ ಅಲ್ಲ, ವಿಜ್ಞಾನಿ ಅನ್ನಿಸ್ಕೊಳ್ಳೋ ಮಟ್ಟಕ್ಕೂ ಇನ್ನೂ ಬಂದಿಲ್ಲ, ಸೆಲ್ (ಕೋಶ) ಬೆಳೆಸೋದು, ಅವಕ್ಕೆ ಮದ್ದು ಹಾಕೋದು, ಸತ್ವಾ ಬದುಕಿದ್ವಾ ಅಂತ ನೋಡಿ ನೋಟ್‌ಬುಕ್‌ನಲ್ಲಿ ಬರೆಯೋದು, ಇಷ್ಟೇ. ಪೇಪರ್‌ಗಳಲ್ಲಿ ಆಗಾಗ ‘ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮದ್ದು ಪತ್ತೆ’ ಅಂತ ದೊಡ್ಡ ಅಕ್ಷರದಲ್ಲಿ ಬರತ್ತೆ, ಒಳಗೆ ಓದ್ತಾ ಹೋದ್ರೆ ಕೊನೇ ಪ್ಯಾರಾದಲ್ಲಿ ‘ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳು ನಾಶವಾದವು’ ಅಂತ ಒಂದೇ ಸಾಲು. ಯಾವ ಕೋಶ, ಎಷ್ಟು ಡೋಸ್, ಇಲಿಗಾದ್ರೂ ಕೊಟ್ರಾ, ಮನುಷ್ಯರವರೆಗೂ ಬಂತಾ, ಒಂದೂ ಇರಲ್ಲ. ಅದನ್ನೇ ಕೇಳೋಕೆ ಈ ಪತ್ರ.

ಮೊದಲು ಆ ‘ಕೋಶ’ಗಳ ವಿಷಯ. ಪ್ರಾಸ್ಟೇಟ್ ಕ್ಯಾನ್ಸರ್ ಲ್ಯಾಬ್ ಎಲ್ಲೇ ಇರಲಿ, ಫ್ರೀಜರ್ ತೆಗೆದ್ರೆ ಬಹುತೇಕ ಈ ಮೂರು ಸೆಲ್‌ಗಳ ಹೆಸರು ಸಿಗತ್ತೆ: ಎಲ್‌ಎನ್‌ಕ್ಯಾಪ್, ಪಿಸಿ-3, ಡಿಯು-145. ಮೂರೂ 1970ರ ದಶಕದಲ್ಲಿ ಮೂರು ಜನ ಪೇಷಂಟ್‌ಗಳಿಂದ ತೆಗೆದವು, ಆಗಿನಿಂದ ಬೆಳೀತಾನೇ ಇವೆ. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಇವುಗಳಲ್ಲಿ ಒಂದೂ ಪ್ರಾಸ್ಟೇಟ್‌ನಿಂದಲೇ ತೆಗೆದದ್ದಲ್ಲ. ಕ್ಯಾನ್ಸರ್ ಹರಡಿದ ಮೇಲೆ ಒಂದು ದುಗ್ಧರಸ ಗ್ರಂಥಿಯಿಂದ (ಲಿಂಫ್ ನೋಡ್), ಒಂದು ಮೂಳೆಯಿಂದ, ಇನ್ನೊಂದು ಮೆದುಳಿಂದ ತೆಗೆದದ್ದು. ಈಗ 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 14 ಲಕ್ಷಕ್ಕಿಂತ ಹೆಚ್ಚು ಗಂಡಸರಿಗೆ ಹೊಸದಾಗಿ ಈ ಕಾಯಿಲೆ ಪತ್ತೆಯಾಗಿದೆ, ಅವರಲ್ಲಿ ಎಷ್ಟೋ ಜನಕ್ಕೆ ಅದು ಪ್ರಾಸ್ಟೇಟ್ ಗ್ರಂಥಿ ಒಳಗೇ ನಿಧಾನಕ್ಕೆ ಬೆಳೆಯೋ ಗಡ್ಡೆ, ಟ್ರೀಟ್‌ಮೆಂಟ್ ಈಗಲೇ ಬೇಡ, ಗಮನಿಸ್ತಾ ಇರೋಣ ಅಂತ ಡಾಕ್ಟರೇ ಹೇಳ್ತಾರೆ. ಮೂರು ಜನರ ಹರಡಿದ ಕ್ಯಾನ್ಸರ್‌ನಿಂದ ಬಂದ ಸೆಲ್ ಈ ಎಲ್ಲರ ಪರವಾಗಿ ಉತ್ತರ ಕೊಡೋಕಾಗತ್ತಾ?

ಆ ಮೂರರ ಸ್ವಭಾವವೂ ಬೇರೆ ಬೇರೆ. ಈ ಕ್ಯಾನ್ಸರ್ ಸಾಮಾನ್ಯವಾಗಿ ಗಂಡು ಹಾರ್ಮೋನ್ ಮೇಲೆ ಬದುಕೋದು, ಆದ್ರೆ ಪಿಸಿ-3ರಲ್ಲಿ ಆ ಹಾರ್ಮೋನ್ ಹಿಡಿಯೋ ಆಂಡ್ರೋಜೆನ್ ರಿಸೆಪ್ಟರ್ ಇಲ್ಲ ಅಂತಲೇ ಹೇಳಬಹುದು. ಎಲ್‌ಎನ್‌ಕ್ಯಾಪ್‌ನಲ್ಲಿ ಇದೆ, ಆದ್ರೆ ಅದರಲ್ಲಿ ಒಂದು ಮ್ಯುಟೇಶನ್, ಅಂದ್ರೆ ಜೀನ್‌ನಲ್ಲಿ ಆದ ಬದಲಾವಣೆ. ಇದರಿಂದ ಏನಾಗತ್ತೆ ಅಂದ್ರೆ ಫ್ಲುಟಮೈಡ್ ಅನ್ನೋ ಹಾರ್ಮೋನ್ ತಡೆಯೋ ಮಾತ್ರೆ ದೇಹದಲ್ಲಿ ಯಾವ ರೂಪಕ್ಕೆ ತಿರುಗತ್ತೋ ಅದನ್ನೇ ಇದಕ್ಕೆ ಹಾಕಿದ್ರೆ ಸೆಲ್ ನಿಲ್ಲೋ ಬದಲು ಬೆಳೆಯೋಕೆ ಶುರು ಮಾಡತ್ತೆ! ಅಂದ್ರೆ ಒಂದೇ ಮದ್ದಿಗೆ ಯಾವ ಸೆಲ್ ತಗೊಂಡ್ರಿ ಅನ್ನೋದ್ರ ಮೇಲೆ ರಿಸಲ್ಟೇ ಉಲ್ಟಾ ಆಗಬಹುದು. ಸುದ್ದಿಯಲ್ಲಿ ಸೆಲ್ ಹೆಸರು ಹಾಕಿ ಅಂತ ನಾನು ಹಟ ಮಾಡ್ತಿರೋದು ಇದಕ್ಕೇ.

ಇನ್ನು ‘ನಾಶವಾದವು’ ಅನ್ನೋದು. ನಾವು ದಿನಾ ಮಾಡೋ ಟೆಸ್ಟ್ ಹೇಳ್ತೀನಿ ನೋಡಿ. 96 ಗುಳಿ ಇರೋ ಪ್ಲಾಸ್ಟಿಕ್ ಪ್ಲೇಟ್, ಪ್ರತಿ ಗುಳಿಗೂ ಸೆಲ್ ಹಾಕಿ, ಆಮೇಲೆ ಮದ್ದು, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು, ಎಂಟಿಟಿ ಅನ್ನೋ ಹಳದಿ ದ್ರಾವಣ ಹಾಕ್ತೀವಿ, ಜೀವ ಇರೋ ಸೆಲ್ ಅದನ್ನ ನೇರಳೆ ಮಾಡತ್ತೆ. ನೇರಳೆ ಕಮ್ಮಿ ಬಂದ್ರೆ ಮದ್ದು ಕೆಲಸ ಮಾಡ್ತು ಅಂತ ಬರ್ಕೋತೀವಿ. ಆದ್ರೆ ಕಮ್ಮಿ ಬಂತು ಅಂದ್ರೆ ಸತ್ವು ಅಂತಲೇ ಅಲ್ಲ, ಬರೀ ಬೆಳವಣಿಗೆ ನಿಧಾನ ಆಗಿದ್ರೂ ಹಾಗೇ ಕಾಣತ್ತೆ. ಎಲ್‌ಎನ್‌ಕ್ಯಾಪ್ ಅಂತೂ ಪ್ಲೇಟ್‌ಗೆ ಸರಿಯಾಗಿ ಅಂಟ್ಕೊಳ್ಳಲ್ಲ, ಪಿಪೆಟ್ ಒಂಚೂರು ಜೋರಾಗಿ ಒತ್ತಿದ್ರೂ ಎದ್ದು ಬಂದ್ಬಿಡತ್ತೆ, ಹಾಗೆ ತೊಳೆದು ಹೋದದ್ದೂ ಲೆಕ್ಕದಲ್ಲಿ ಸತ್ತ ಹಾಗೇ. ಅಂಚಿನ ಗುಳಿಗಳಲ್ಲಿ ನೀರು ಆರಿ ಸೆಲ್ ಸೊರಗತ್ತೆ. ಗಿಡಮೂಲಿಕೆ ಸಾರ ಆದ್ರೆ ಇನ್ನೊಂದು ರಗಳೆ, ಕೆಲವು ಸಾರಗಳು ಸೆಲ್ಲೇ ಇಲ್ಲದ ಖಾಲಿ ಗುಳಿಯಲ್ಲೂ ಎಂಟಿಟಿಯನ್ನ ನೇರಳೆ ಮಾಡ್ತವೆ. ಅದಕ್ಕೇ ಖಾಲಿ ಗುಳಿ, ಮದ್ದು ಕರಗಿಸೋ ಡಿಎಂಎಸ್‌ಓ ದ್ರವ ಮಾತ್ರ ಹಾಕಿದ ಗುಳಿ ಅಂತೆಲ್ಲ ಹೋಲಿಸಿ ನೋಡೋಕೆ ಕಂಟ್ರೋಲ್ ಇಡೋದು, ಅದೇ ಪ್ರಯೋಗ ಮತ್ತೆ ಮತ್ತೆ ಮಾಡೋದು. ಮಾಡಿದವರ ಹೆಸರು ಸುದ್ದಿಯಲ್ಲಿ ಬರಲ್ಲ ಬಿಡಿ, ಅದು ಬೇರೆ ಮಾತು.

ಡೋಸ್ ಕೂಡ ಹಾಗೇ. ಪ್ಲೇಟ್‌ನಲ್ಲಿ ಎಷ್ಟು ಬೇಕಾದ್ರೂ ಸುರೀಬಹುದು, ನಾವು ಟೇಬಲ್ ಒರೆಸೋ 70% ಆಲ್ಕೋಹಾಲ್ ಹಾಕಿದ್ರೂ ಕ್ಯಾನ್ಸರ್ ಸೆಲ್ ಸಾಯತ್ತೆ. ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ಅಷ್ಟು ಮಟ್ಟಕ್ಕೆ ಏರತ್ತಾ, ಅಷ್ಟರಲ್ಲಿ ಲಿವರ್ ಕಿಡ್ನಿ ಗತಿ ಏನು, ಅದು ಪ್ಲೇಟ್‌ನಲ್ಲಿ ಗೊತ್ತಾಗೋ ವಿಷಯ ಅಲ್ಲ.

ಲ್ಯಾಬ್ ದಾಟಿ ಬಂದ ಮೇಲೂ ಮೋಸ ಹೋಗಬಹುದು. ಸೆಲೀನಿಯಂ, ವಿಟಮಿನ್ ಇ ತಗೊಂಡ್ರೆ ಪ್ರಾಸ್ಟೇಟ್ ಕ್ಯಾನ್ಸರ್ ಬರೋದು ತಪ್ಪತ್ತೆ ಅನ್ನೋಕೆ ಹಿಂದಿನ ಅಧ್ಯಯನಗಳಲ್ಲಿ ಒಳ್ಳೇ ಸೂಚನೆ ಇತ್ತು. 2001ರಲ್ಲಿ ಸೆಲೆಕ್ಟ್ ಅನ್ನೋ ಟ್ರಯಲ್ ಶುರುವಾಯ್ತು, 35 ಸಾವಿರಕ್ಕೂ ಹೆಚ್ಚು ಗಂಡಸರು ಸೇರಿದ್ರು. 2008ರಲ್ಲಿ ಲಾಭ ಕಾಣ್ತಿಲ್ಲ ಅಂತ ಮಾತ್ರೆ ನಿಲ್ಲಿಸಿದ್ರು, 2011ರ ಹೊತ್ತಿಗೆ ನೋಡಿದ್ರೆ ಬರೀ ವಿಟಮಿನ್ ಇ ತಗೊಂಡವರಲ್ಲಿ ಕ್ಯಾನ್ಸರ್ 17% ಜಾಸ್ತಿ.

ಲ್ಯಾಬ್ ಕೆಲಸವೇ ದಂಡ ಅಂತ ಹೇಳ್ತಿಲ್ಲ, ದಂಡ ಅನ್ನಿಸಿದ್ರೆ ನಾನೇ ಇಲ್ಲಿರ್ತಿರಲಿಲ್ಲ. ಗಂಡು ಹಾರ್ಮೋನ್ ತಡೆದ್ರೆ ಈ ಕ್ಯಾನ್ಸರ್ ಕುಗ್ಗತ್ತೆ ಅಂತ ಚಾರ್ಲ್ಸ್ ಹಗಿನ್ಸ್ ಅನ್ನೋ ಡಾಕ್ಟರ್ ತೋರಿಸಿದ್ದು 1941ರಲ್ಲಿ, ಅದಕ್ಕೆ ನೊಬೆಲ್ ಬಂದಿದ್ದು 1966ರಲ್ಲಿ, ಅದೇ ದಾರಿಯಲ್ಲಿ ಬಂದ ಅಬಿರಾಟೆರೋನ್ ಅನ್ನೋ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಕೆಲಸ ಆಗತ್ತೆ, ಆದ್ರೆ ಈ ಸ್ಪೀಡ್‌ನಲ್ಲಿ ಆಗತ್ತೆ.

ನನಗೆ ಚಿಂತೆ ಇರೋದು ಈ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯೋ ಇಂಜೆಕ್ಷನ್ ತಗೋತಿರೋವ್ರದ್ದು. ಅದರಿಂದ ಮೈಯೆಲ್ಲ ಬಿಸಿಯಾಗೋದು, ಸುಸ್ತು, ಮೂಳೆ ಸವೆತ ಎಲ್ಲ ಇರತ್ತೆ, ‘ಮದ್ದು ಪತ್ತೆ’ ಅಂತ ಓದಿದ್ರೆ ಇಂಜೆಕ್ಷನ್ ಬಿಟ್ಟು ಅದನ್ನೇ ಹುಡುಕೋಣ ಅನ್ನಿಸೋದು ಸಹಜ. ನಾನು ಎಲ್ಲಿ ಕೆಲಸ ಮಾಡೋದು ಅಂತ ಗೊತ್ತಾದವರು ಕೇಳೋ ಮೊದಲ ಪ್ರಶ್ನೆಯೇ ‘ಆ ಮದ್ದು ಎಲ್ಲಿ ಸಿಗತ್ತೆ’ ಅಂತ.

ಹಾಗಾಗಿ ಡೆಸ್ಕ್‌ನವರಿಗೆ ಒಂದು ವಿನಂತಿ. ಸೆಲ್ಲಾ, ಇಲಿಯಾ, ಮನುಷ್ಯರಾ ಅನ್ನೋದನ್ನ ಕೊನೇ ಪ್ಯಾರಾದಲ್ಲಿ ಅಲ್ಲ, ಹೆಡ್‌ಲೈನ್ ಕೆಳಗೇ ಹಾಕಿ. ಪ್ರೆಸ್ ನೋಟ್‌ನಲ್ಲಿ ಇಲ್ಲದಿದ್ರೆ ಮೂಲ ಪ್ರಬಂಧದ ಮೆಥಡ್ಸ್ ಭಾಗ ತೆಗೆದು ನೋಡಿ, ಸೆಲ್ ಹೆಸರು ಡೋಸ್ ಎರಡೂ ಅಲ್ಲೇ ಇರತ್ತೆ, ಅರ್ಥ ಆಗದಿದ್ರೆ ಬರೆದವರಿಗೇ ಒಂದು ಮೇಲ್ ಹಾಕಿ ಕೇಳಿ.

ಇಂತಿ,
ಒಬ್ಬ ರಿಸರ್ಚ್ ಅಸಿಸ್ಟೆಂಟ್